ದಡದಲ್ಲೇ ಕಾಯುವುದೇಕೆ?

ಪರೀಕ್ಷೆ ಮುಗಿದು ಶಾಲೆಯ ಚೀಲ ಅಟ್ಟ ಸೇರಿದೊಡನೆ ಮನೆಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಈ ರಜೆಯಲ್ಲಿ ಎಲ್ಲಿಗೆ?" ಪಟ್ಟಣದವರು ವಾಟರ್ ಪಾರ್ಕು, ಮಾಲು ಎಂದು ಲೆಕ್ಕ ಹಾಕುತ್ತಾರೆ. ಮಲೆನಾಡಿನ ಮನೆಗಳಲ್ಲಿ ಅಂತಹ ಲೆಕ್ಕಾಚಾರ ಬೇಕಿಲ್ಲ. ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿಟ್ಟಿದ್ದ ಗಾಳದ ಕೋಲುಗಳು ತಾವಾಗಿಯೇ ಕೆಳಗಿಳಿಯುತ್ತವೆ. ಹುಡುಗರು ಗೊಬ್ಬರದ ಗುಂಡಿಯ ಪಕ್ಕ ಎರೆಹುಳು ಅಗೆಯತೊಡಗುತ್ತಾರೆ. ಗಂಡಸರು ಬೆಳಗಿನ ನಮಾಝ್ ಮುಗಿಸಿ, ಚಹಾ ಕೂಡ ಕುಡಿಯದೆ, ಕೆರೆಯ ಕಡೆಗೋ ಹಿನ್ನೀರಿನ ಕಡೆಗೋ ಹೊರಟುಬಿಡುತ್ತಾರೆ.

ನಮಗೇನು ಉಳಿಯಿತು? ಸಂಜೆ ಅಡುಗೆ ಮನೆಯ ಬಾಗಿಲಿಗೆ ಬಂದು ಬೀಳುವ ಒದ್ದೆ ಚೀಲ. ಮೀನು ಹಿಡಿಯುವ ಸುಖ ಅವರಿಗೆ, ಅದರ ಹುರುಪೆ ತೆಗೆಯುವ ಕೆಲಸ ನಮಗೆ! ಇದನ್ನು ಓದುತ್ತಿರುವ ಸಹೋದರಿಯರಲ್ಲಿ ಅನೇಕರು ಈಗ ನಗುತ್ತಿರಬಹುದು. ನಗಬೇಕಾದ ಮಾತೇ ಹೌದು. ಆದರೆ ಸ್ವಲ್ಪ ಯೋಚಿಸಬೇಕಾದ ಮಾತೂ ಹೌದು.

ನನ್ನನ್ನು ಮದುವೆ ಮಾಡಿಕೊಟ್ಟ ಊರು ಸಾಗರ ತಾಲೂಕಿನಲ್ಲಿ, ಶರಾವತಿಯ ಹಿನ್ನೀರಿನ ಮಗ್ಗುಲಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ, ಹೊಸನಗರದ ಎಷ್ಟೋ ಹಳ್ಳಿಗಳು ನೀರಿನಡಿ ಸೇರಿದವು. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಒಳ್ಳೆಯ ಮಳೆಯಾದ ವರ್ಷ ಅದು ತುಂಬಿ ನಿಂತಾಗ ನೋಡಿದರೆ ಇದೇನು ಸಮುದ್ರವೋ ಎನಿಸುತ್ತದೆ. ಬೇಸಿಗೆ ಬಂತೆಂದರೆ ವಿದ್ಯುತ್ತಿಗಾಗಿ ನೀರು ಬಿಟ್ಟು ಬಿಟ್ಟು ದಡ ದಿನದಿನಕ್ಕೆ ದೂರ ಸರಿಯುತ್ತದೆ. ಗುಡ್ಡದ ತಲೆಗಳು ದ್ವೀಪಗಳಾಗುತ್ತವೆ, ದ್ವೀಪಗಳು ಮತ್ತೆ ಗುಡ್ಡಗಳಾಗುತ್ತವೆ. ಅರುವತ್ತು ವರ್ಷಗಳಿಂದ ನೀರಿನಲ್ಲಿ ನಿಂತ ಮರಗಳ ಬೊಡ್ಡೆಗಳು ಕಪ್ಪಗೆ ಮೇಲೇಳುತ್ತವೆ. ನೀರು ಬಹಳ ಇಳಿದ ವರ್ಷಗಳಲ್ಲಿ 1940ರ ದಶಕದ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಖ ತೋರಿಸುತ್ತದೆ. ಒಂದು ಅಣೆಕಟ್ಟನ್ನೇ ನುಂಗಿದ ಇನ್ನೊಂದು ಅಣೆಕಟ್ಟಿನ ನೀರು ಇದು.

ನೀರು ಕಡಿಮೆಯಾದಾಗ ಮೀನುಗಳು ಇರುವ ಜಾಗವೂ ಕಿರಿದಾಗುತ್ತದೆ. ಹಾಗಾಗಿ ಗಾಳ ಹಾಕುವವರಿಗೆ ಬೇಸಿಗೆಯೇ ಹಬ್ಬ. ಸೊರಬ, ಸಾಗರ ಕಡೆಯ ಹಳ್ಳಿಗಳಲ್ಲಿ ಇಡೀ ಊರೇ ಕೂಣಿ ಹಿಡಿದು ಕೆಸರು ಕೆರೆಗೆ ಇಳಿಯುವ ಕೆರೆಬೇಟೆ ನಡೆಯುವುದು ಕೂಡ ಇದೇ ಕಾಲದಲ್ಲಿ.

ನನ್ನ ಮೈದುನನಿಗೆ ಪೇಟೆಯಲ್ಲಿ ಅಂಗಡಿಯಿದೆ. ಬೆಳಗಿನಿಂದ ರಾತ್ರಿಯವರೆಗೆ ಗಿರಾಕಿಗಳ ಜೊತೆ ಮಾತು, ಚೌಕಾಸಿ, ಸಾಲದ ಪುಸ್ತಕ. ಬೇಸಿಗೆಯ ಭಾನುವಾರಗಳಲ್ಲಿ ಮಾತ್ರ ಅವನು ಯಾರಿಗೂ ಸಿಗುವುದಿಲ್ಲ. ಪರಿಚಯದ ಮೀನುಗಾರರ ತೆಪ್ಪ ಪಡೆದು ಒಬ್ಬನೇ ನೀರಿಗಿಳಿಯುತ್ತಾನೆ. ಎಷ್ಟೋ ಸಲ ಬರಿಗೈಯಲ್ಲಿ ಬಂದರೂ ಮುಖದಲ್ಲಿ ಸಮಾಧಾನವಿರುತ್ತದೆ. "ಮೀನಿಗಾಗಿ ಹೋಗುವುದಲ್ಲ ಭಾಭಿ, ಮಾತಿಲ್ಲದೆ ನಾಲ್ಕು ತಾಸು ಕೂರಲಿಕ್ಕೆ ಹೋಗುವುದು" ಎಂದು ಒಮ್ಮೆ ಹೇಳಿದ್ದ.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಒಂಟಿಯಾಗಿ ಕೂರುವ ಆಸೆ ಕೆಟ್ಟದ್ದಲ್ಲ. ದುಡಿಯುವ ಮನುಷ್ಯನಿಗೆ ಅದು ಬೇಕು. ಹಾಗೆ ಕೂತು ಬಂದವನು ಮನೆಯವರೊಡನೆ ಸಿಡುಕುವುದಿಲ್ಲ ಎಂಬುದನ್ನು ನಾವೇ ಕಂಡಿದ್ದೇವೆ. ಆದರೆ ದಿನಕ್ಕೆ ಮೂರು ಹೊತ್ತು ಒಲೆ, ಮಕ್ಕಳ ಪಾಠ, ವಯಸ್ಸಾದವರ ಮದ್ದು ಎಂದು ದುಡಿಯುವ ಹೆಣ್ಣಿಗೂ ಅಂತಹ ನಾಲ್ಕು ತಾಸು ಬೇಡವೇ? ಹಿನ್ನೀರು ಗಂಡಸರ ಹೆಸರಿಗೆ ಬರೆದುಕೊಟ್ಟ ಆಸ್ತಿಯೇನೂ ಅಲ್ಲವಲ್ಲ?

ಕಳೆದ ಬೇಸಿಗೆಯಲ್ಲಿ ಮನೆಯಲ್ಲಿ ಈ ವಿಷಯ ಎತ್ತಿದಾಗ ಆಕ್ಷೇಪಗಳ ಮಳೆಯೇ ಸುರಿಯಿತು. ಮಕ್ಕಳು ಗಲಾಟೆ ಮಾಡಿ ಮೀನು ಓಡಿಸುತ್ತಾರೆ. ಬುರ್ಖಾ ಹಾಕಿಕೊಂಡು ದೋಣಿ ಹತ್ತುವುದು ಹೇಗೆ? ಅಮ್ಮಿಗೆ ಮಂಡಿನೋವು. ನಾಲ್ಕು ಜನ ಏನೆಂದುಕೊಂಡಾರು? ಒಂದೊಂದಕ್ಕೂ ಉತ್ತರ ಇತ್ತು. ಮಕ್ಕಳ ಮಾತಿಗೆ ಮೀನು ಓಡುವುದಿಲ್ಲ. ಗಾಳಿಯಲ್ಲಿ ಆಡಿದ ಮಾತಿನ ಸದ್ದು ಬಹುಪಾಲು ನೀರಿನ ಮೇಲ್ಮೈಗೆ ತಾಗಿ ಹಿಂದಿರುಗುತ್ತದೆ. ಮೀನಿನ ಮೈಯ ಎರಡೂ ಬದಿಗಳಲ್ಲಿ ಒಂದು ಗೆರೆಯಿದೆ. ನೀರಿನ ಕಂಪನ ತಿಳಿಯಲು ಅಲ್ಲಾಹನು ಅದಕ್ಕೆ ಕೊಟ್ಟ ಅಂಗ ಅದು. ದೋಣಿಯ ತಳಕ್ಕೆ ಕಾಲು ಬಡಿದರೆ, ಹುಟ್ಟು ಕುಟ್ಟಿದರೆ ಅದಕ್ಕೆ ಕೂಡಲೇ ತಿಳಿಯುತ್ತದೆ. ಅಂದರೆ ಮಕ್ಕಳು ಕತೆ ಹೇಳಬಹುದು, ಕುಣಿಯಬಾರದು ಅಷ್ಟೇ. ಇನ್ನು ನಾಲ್ಕು ಜನರ ಮಾತು. ಆ ನಾಲ್ಕು ಜನ ಬೆಳಗಿನ ಐದೂವರೆಗೆ ಹಿನ್ನೀರಿನ ದಡದಲ್ಲಿ ಇರುವುದಿಲ್ಲ!

ಕೊನೆಗೆ ಎಲ್ಲರೂ ಹೊರಟೆವು. ತೆಪ್ಪವಲ್ಲ, ಚಪ್ಪಟೆ ತಳದ ಅಗಲವಾದ ದೋಣಿ. ಪರವಾನಗಿ ಇರುವ ಹಿರಿಯ ಮೀನುಗಾರರೊಬ್ಬರು ಹುಟ್ಟು ಹಿಡಿದಿದ್ದರು. ಮೊದಲೇ ಒಂದು ಮಾತು ಹೇಳಿದರು: "ನೋಡಿ ಅಕ್ಕಾ, ನೀರಿನ ಮೇಲೆ ನಾನು ಹೇಳಿದ್ದೇ ನಡೆಯಬೇಕು. ಕೂತವರು ಎದ್ದು ನಿಲ್ಲಬಾರದು." ಮನೆಯಲ್ಲಿ ಯಾರ ಮಾತೂ ಕೇಳದ ನನ್ನ ಕಿರಿಯ ಮಗ ಅವರೆದುರು ಕುರಿಮರಿಯಂತೆ ಕೂತ.

ಮಕ್ಕಳು ಅಂದು ಕಲಿತದ್ದು ಇಡೀ ವರ್ಷ ಪಾಠಪುಸ್ತಕದಿಂದ ಕಲಿತಿರಲಿಲ್ಲ. ಕಾಟ್ಲಾ ಮೀನಿನ ಬಾಯಿ ಮೇಲ್ಮುಖವಾಗಿರುತ್ತದೆ, ಅದು ನೀರಿನ ಮೇಲ್ಪದರದಲ್ಲಿ ತಿನ್ನುತ್ತದೆ. ರೋಹು ನಡುವಿನದು. ಮೃಗಾಲ್ ತಳದಲ್ಲಿ ಕೆಸರು ಕೆದಕುವಂಥದು. ಒಂದೇ ನೀರಿನಲ್ಲಿ ಮೂರೂ ಇದ್ದರೂ ಒಂದರ ಅನ್ನಕ್ಕೆ ಇನ್ನೊಂದು ಕೈ ಹಾಕುವುದಿಲ್ಲ. ಆದ್ದರಿಂದಲೇ ಕೆರೆಗಳಿಗೆ ಈ ಮೂರರ ಮರಿಗಳನ್ನು ಒಟ್ಟಿಗೆ ಬಿಡುತ್ತಾರೆ. ಅಕ್ಕಿ ತೌಡು, ಶೇಂಗಾ ಹಿಂಡಿ ಕಲಸಿದ ಉಂಡೆಗೆ ಗೆಂಡೆ ಜಾತಿಯವು ಬರುತ್ತವೆ. ಕೊರವನಿಗೆ ಎರೆಹುಳು, ಕಪ್ಪೆಮರಿಯೇ ಬೇಕು. ಬಿಸಿಲೇರಿದಂತೆ ಮೇಲಿನ ನೀರು ಕಾಯುತ್ತದೆ. ಕಾದ ನೀರಿನಲ್ಲಿ ಪ್ರಾಣವಾಯು ಕಡಿಮೆ. ಹಾಗಾಗಿ ಮೀನುಗಳು ನೆರಳಿಗೋ ಆಳಕ್ಕೋ ಹೋಗಿಬಿಡುತ್ತವೆ. ಮುಂಜಾವದಲ್ಲೇ ಹೋಗಬೇಕು ಎನ್ನುವುದಕ್ಕೆ ಇದೇ ಕಾರಣ.

ನಮ್ಮ ಬೆಂಡು ಮುಳುಗಿದ್ದು ಬೆರಳೆಣಿಕೆಯಷ್ಟು ಸಲ. ಸಿಕ್ಕಿದ್ದು ಮೂರು ಜಿಲೇಬಿ ಮೀನು, ಒಂದು ಸಣ್ಣ ಗೆಂಡೆ. ಮೈದುನ ಒಬ್ಬನೇ ಹೋದ ದಿನ ಒಂದೇ ಮೀನು ಇದರ ನಾಲ್ಕು ಪಟ್ಟು ತೂಗುತ್ತಿತ್ತು. ಅವನು ಗೊಣಗಲಿಲ್ಲ. ಅಣ್ಣನ ಮಗಳ ಕೈಗೆ ಕೋಲು ಕೊಟ್ಟು, ದಾರ ಬಿಗಿಯಾದಾಗ ಎಳೆಯುವ ಹದ ಹೇಳಿಕೊಡುತ್ತ ಕೂತಿದ್ದ.

ಇಷ್ಟಾಗುವಾಗ ನನ್ನ ಅತ್ತೆ ಮಾತ್ರ ಗಾಳ ನೋಡಲೇ ಇಲ್ಲ. ದೂರದ ಎರಡು ಗುಡ್ಡಗಳ ನಡುವೆ ಕಣ್ಣಿಟ್ಟು ಕೂತಿದ್ದರು. ಅವರು ಮುಳುಗಡೆಯಾದ ಹಳ್ಳಿಯಲ್ಲಿ ಹುಟ್ಟಿದವರು. ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ಪಾತ್ರೆ, ಹಾಸಿಗೆ, ಕೋಳಿಗಳ ಸಮೇತ ಲಾರಿ ಹತ್ತಿ ಊರು ಬಿಟ್ಟವರು. ಮುಳುಗಡೆಯ ಅನೇಕ ಕುಟುಂಬಗಳ ಜಮೀನಿನ ಹಕ್ಕಿನ ತಕರಾರು ಇಷ್ಟು ವರ್ಷಗಳಾದರೂ ಮುಗಿದಿಲ್ಲ. ಆ ಕತೆ ಹಿನ್ನೀರಿನ ಸುತ್ತಲಿನ ಎಲ್ಲರಿಗೂ ಗೊತ್ತು. ದೋಣಿಯವರನ್ನು ನಿಧಾನಕ್ಕೆ ಸಾಗಲು ಹೇಳಿ ಅತ್ತೆ ನೀರಿನ ಕಡೆ ಕೈ ತೋರಿಸಿದರು. "ಇಲ್ಲೇ ಎಲ್ಲೋ ನಮ್ಮ ಮನೆ. ಹಿತ್ತಲಲ್ಲಿ ಹಲಸಿನ ಮರ. ಅಮ್ಮ ಬಾವಿಯಿಂದ ನೀರು ಸೇದುತ್ತಿದ್ದಳು. ಈಗ ನೋಡು ಬೇಟಿ, ಬಾವಿಯ ಮೇಲೆಯೇ ಎಷ್ಟು ನೀರು!" ಮಕ್ಕಳು ಗಾಳ ಬಿಟ್ಟು ದಾದಿಯ ಸುತ್ತ ಕೂತರು. ಎಷ್ಟು ಕೋಣೆ, ಯಾರ್ಯಾರಿದ್ದರು, ಬೆಕ್ಕನ್ನು ತಂದಿರಾ ಬಿಟ್ಟಿರಾ ಎಂದು ಪ್ರಶ್ನೆ ಮೇಲೆ ಪ್ರಶ್ನೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ನೀರಿನ ಮಗ್ಗುಲಲ್ಲೇ ಬದುಕಿದ ಅವರು ಲಾಂಚಿನಲ್ಲಿ ಆಚೆ ದಡಕ್ಕೆ ಹೋಗಿ ಬಂದದ್ದುಂಟು. ಆದರೆ ತನ್ನ ಊರಿನ ಮೇಲೆ ನಿಂತು ಅದನ್ನು ನೋಡಲು ಯಾರೂ ಅವರನ್ನು ಕರೆದೊಯ್ದಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ. ಕೇಳದೆ ಸುಮ್ಮನಿರುವುದು ನಮ್ಮ ತಾಯಂದಿರ ಗುಣ. ಕೇಳದಿದ್ದರೂ ತಿಳಿದುಕೊಳ್ಳಬೇಕಾದುದು ಮಕ್ಕಳ ಕರ್ತವ್ಯ.

ಹೀಗೆಂದು ಬರೆದ ಕೂಡಲೇ ಇನ್ನೊಂದು ಮಾತನ್ನು ಅಷ್ಟೇ ಬಲವಾಗಿ ಹೇಳಬೇಕಾಗಿದೆ. ನೀರು ಆಟದ ವಸ್ತುವಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ನಡೆದುದನ್ನು ಯಾರೂ ಮರೆತಿರಲಾರಿರಿ. ಅದೂ ರಜೆಯ ಭಾನುವಾರ. ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮಾಡಿದ ಪ್ರವಾಸಿ ದೋಣಿ, ಹಿಡಿಸುವುದಕ್ಕಿಂತ ಹೆಚ್ಚು ಜನ, ಮುಸ್ಸಂಜೆಯ ಹೊತ್ತು. 22 ಜೀವಗಳು ಹೋದವು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಒಂದೇ ಕುಟುಂಬದ ಹನ್ನೊಂದು ಮಂದಿ ಅದರಲ್ಲಿದ್ದರು. 2024ರ ಜನವರಿ 18ರಂದು ಗುಜರಾತಿನ ವಡೋದರಾದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಅಲ್ಲಿಯೂ ಹೆಚ್ಚು ಜನ, ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. ವಿಧಿ ಎಂದು ಸುಮ್ಮನಾಗುವಂತಹ ಸಾವುಗಳಲ್ಲ ಇವು. ಒಂಟೆಯನ್ನು ಕಟ್ಟಿಹಾಕಿ ನಂತರ ಅಲ್ಲಾಹನಲ್ಲಿ ಭರವಸೆಯಿಡಬೇಕು ಎಂಬ ಪಾಠ ನಮ್ಮ ಮಕ್ಕಳಿಗೂ ಗೊತ್ತು. ದೋಣಿಯ ವಿಷಯದಲ್ಲಿ ಆ ಹಗ್ಗವೇ ಲೈಫ್ ಜಾಕೆಟ್.

ಆದ್ದರಿಂದ ದೋಣಿ ಹತ್ತುವ ಮುನ್ನ ತಾಯಂದಿರು ಕೆಲವು ವಿಷಯಗಳಲ್ಲಿ ಯಾರ ಮುಲಾಜಿಗೂ ಒಳಗಾಗಬಾರದು.

ಮೊದಲನೆಯದು, ಜಾಕೆಟ್ ಇಲ್ಲದಿದ್ದರೆ ದೋಣಿಯೂ ಇಲ್ಲ. ಕೂತ ಪ್ರತಿಯೊಬ್ಬರಿಗೂ ಒಂದು, ದೋಣಿಯಲ್ಲಿ ಇಟ್ಟರೆ ಸಾಲದು, ಮೈಮೇಲೆ ಇರಬೇಕು. ಮಕ್ಕಳಿಗೆ ಅವರ ಅಳತೆಯದೇ ಬೇಕು. ದೊಡ್ಡವರದನ್ನು ಹಾಕಿದರೆ ನೀರಿನಲ್ಲಿ ಜಾಕೆಟ್ ಮೇಲೇಳುತ್ತದೆ, ಮಗು ಕೆಳಗೆ ಜಾರುತ್ತದೆ. ಕಾಲುಗಳ ನಡುವೆ ಹಾಯುವ ಪಟ್ಟಿ ಇರುವಂಥದು ಒಳ್ಳೆಯದು. ಕಟ್ಟಿದ ಮೇಲೆ ಭುಜದ ಬಳಿ ಹಿಡಿದು ಎತ್ತಿ ನೋಡಿ. ಅದು ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದು ತಿಳಿಯಿರಿ. ಗಾಡಿಯ ಟ್ಯೂಬು ಜಾಕೆಟ್ಟಿಗೆ ಬದಲಿಯಲ್ಲ.

ಎರಡನೆಯದು ನಮ್ಮ ಉಡುಪು. ಸೀರೆ, ಉದ್ದನೆಯ ದುಪಟ್ಟಾ ಒದ್ದೆಯಾದರೆ ಕಾಲಿಗೆ ಸುತ್ತಿಕೊಳ್ಳುತ್ತವೆ. ಸಲ್ವಾರ್, ಮೊಣಕಾಲು ದಾಟಿದ ಕುರ್ತಾ, ತಲೆಗೆ ಪಿನ್ ಹಾಕಿ ಬಿಗಿಯಾಗಿ ಕಟ್ಟಿದ ಸ್ಕಾರ್ಫ್ ಸಾಕು. ಮೈಮುಚ್ಚುತ್ತದೆ, ತೊಡಕೂ ಆಗುವುದಿಲ್ಲ. ಬುರ್ಖಾ ಬೇಕೇ ಬೇಕೆನ್ನುವವರು ಜಾಕೆಟ್ಟನ್ನು ಅದರ ಒಳಗಲ್ಲ, ಮೇಲೆ ಕಟ್ಟಿಕೊಳ್ಳಬೇಕು. ಕಾಲಿಗೆ ಬೇಗ ಕಳಚಬಹುದಾದ ಚಪ್ಪಲಿ ಇರಲಿ.

ಮೂರನೆಯದು ಜನರ ಲೆಕ್ಕ. ದೋಣಿಯವರು ಆರು ಜನ ಎಂದರೆ ಆರೇ ಜನ. "ಮಕ್ಕಳಲ್ಲವೇ, ಮಡಿಲಲ್ಲಿ ಕೂರಲಿ" ಎಂಬ ಮಾತು ಬಸ್ಸಿಗೆ ಸರಿ, ದೋಣಿಗಲ್ಲ. ತೆಪ್ಪವಾದರೆ ಇನ್ನೂ ಜಾಗ್ರತೆ. ದುಂಡಗಿರುವುದರಿಂದ ಅದು ಬೇಗ ತಿರುಗುತ್ತದೆ. ಒಂದೇ ಕಡೆ ಭಾರ ಬಿದ್ದರೆ ವಾಲುತ್ತದೆ. ಯಾರಿಗಾದರೂ ಮೀನು ಸಿಕ್ಕಿತೆಂದು ಎಲ್ಲರೂ ಆ ಕಡೆಗೆ ಬಾಗಿದರೆ ಮೀನಿನ ಜೊತೆ ನಾವೂ ನೀರಿನಲ್ಲಿ.

ನಾಲ್ಕನೆಯದು ಹೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ನಂತರ ಗಾಳಿ ಏಳುತ್ತದೆ, ಗುಡುಗು ಮಳೆ ಬರುತ್ತದೆ. ಬಯಲು ನೀರಿನ ನಡುವೆ ಎತ್ತರದ ವಸ್ತುವೆಂದರೆ ನಾವೇ. ಕೈಯಲ್ಲಿ ಉದ್ದನೆಯ ಗಾಳದ ಕೋಲು ಬೇರೆ. ಮೊದಲ ಗುಡುಗು ಕೇಳಿದೊಡನೆ ದಡ ಸೇರಬೇಕು, ಮರದಡಿ ನಿಲ್ಲಬಾರದು. ನಮ್ಮ ಮನೆಯಲ್ಲಿ ಈಗ ಒಂದು ಕಟ್ಟಳೆಯಿದೆ: ಕುಟುಂಬದೊಡನೆ ಹೋದರೆ ಝುಹ್ರ್‌ಗೆ ಮೊದಲು ದಡಕ್ಕೆ. ದಡದಲ್ಲೇ ವುಝೂ ಮಾಡಿ ಚಾಪೆ ಹಾಸಿದರೆ ನಮಾಝೂ ಆಯಿತು, ಊಟವೂ ಆಯಿತು.

ಐದನೆಯದು ಒಂಟಿಯಾಗಿ ಹೋಗುವವರಿಗೆ. ಗಂಡನಾಗಲಿ, ಮಗನಾಗಲಿ ಎಲ್ಲಿಗೆ, ಯಾವ ದಡದಿಂದ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಹೇಳಿಯೇ ಹೊರಡಲಿ. ಹಿನ್ನೀರಿನ ಎಷ್ಟೋ ಕಡೆ ಮೊಬೈಲು ಸಿಗುವುದಿಲ್ಲ. "ಅಸ್ರ್‌ವರೆಗೆ ಬರದಿದ್ದರೆ ಹುಡುಕಿ" ಎಂಬ ಒಪ್ಪಂದ ಮೊದಲೇ ಇದ್ದರೆ ಮನೆಯಲ್ಲಿ ಕೂತವರಿಗೆ ಕತ್ತಲಾಗುವವರೆಗೆ ಚಡಪಡಿಸುವ ಕೆಲಸವಿರುವುದಿಲ್ಲ. ಈಜು ಬಲ್ಲವನಿಗೂ ಜಾಕೆಟ್ ಬೇಕು. ಬೊಡ್ಡೆಗೆ ತಲೆ ತಾಗಿ ಪ್ರಜ್ಞೆ ತಪ್ಪಿದವನಿಗೆ ಈಜು ನೆನಪಿರುವುದಿಲ್ಲ.

ಬೇಸಿಗೆಯಲ್ಲಿ ದಡವೂ ಮೋಸ ಮಾಡುತ್ತದೆ. ನೀರು ಇಳಿದ ಜಾಗ ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಅಡಿಯಲ್ಲಿ ಕೆಸರಿರುತ್ತದೆ, ಮಕ್ಕಳ ಕಾಲು ಹೂತುಹೋಗುತ್ತದೆ. ಮಂಡಿ ಮಟ್ಟದ ನೀರು ಹಳೆಯ ಹೊಳೆಯ ಪಾತ್ರ ಬಂದೊಡನೆ ಆಳವಾಗಿಬಿಡುತ್ತದೆ. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ನೀರಿಗೆ ಹಾರಲೇಬಾರದು. ಒಬ್ಬರನ್ನು ಉಳಿಸಲು ಹೋಗಿ ಒಂದೇ ಮನೆಯ ಮೂವರು, ನಾಲ್ವರು ಹೋದ ಸುದ್ದಿಗಳನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಹಗ್ಗ, ಉದ್ದನೆಯ ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಏನಿದೆಯೋ ಅದನ್ನು ಎಸೆಯಿರಿ. 112ಕ್ಕೆ ಕರೆ ಮಾಡಿ. ಮೇಲೆತ್ತಿದವರ ಹೊಟ್ಟೆ ಒತ್ತಿ ನೀರು ಕಕ್ಕಿಸಲು ಹೋಗಬೇಡಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆ ಒತ್ತಬೇಕು. ಇದನ್ನು ಮನೆಯಲ್ಲಿ ಒಬ್ಬರಾದರೂ ಕಲಿತಿರುವುದು ಒಳ್ಳೆಯದು. ಹೆಣ್ಣುಮಕ್ಕಳಿಗೆ ಈಜು ಕಲಿಸುವ ಮಾತು ಬಂದಾಗ ಹಿಂದೆ ಮುಂದೆ ನೋಡುವವರು ಒಂದನ್ನು ನೆನಪಿಟ್ಟುಕೊಳ್ಳಬೇಕು. ನೀರು ಗಂಡು ಹೆಣ್ಣು ಎಂದು ನೋಡುವುದಿಲ್ಲ. ಅಕ್ಕತಂಗಿಯರಿಗೆ, ತಾಯಂದಿರಿಗೆ ಪ್ರತ್ಯೇಕ ಸಮಯ ಗೊತ್ತು ಮಾಡಿದ ಈಜುಕೊಳಗಳನ್ನು ವಿಚಾರಿಸಿ, ಇಲ್ಲದಿದ್ದರೆ ನಾಲ್ಕು ಮನೆಯವರು ಸೇರಿ ಕೇಳಿ.

ಮೀನಿಗೂ ಒಂದು ನ್ಯಾಯವಿದೆ. ಮೀನನ್ನು ಝಬಹ್ ಮಾಡಬೇಕಿಲ್ಲ, ಅದು ನಮಗೆ ಹಲಾಲ್ ಆಗಿದೆ. ಹಾಗೆಂದು ಬೇಕಾದ ಹಾಗೆ ಕೊಲ್ಲಬಹುದೆಂದು ಅರ್ಥವಲ್ಲ. ತೋಟೆ ಸಿಡಿಸುವುದು, ನೀರಿಗೆ ವಿಷ ಹಾಕುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಕೆರೆಗಳನ್ನು ಸಂಘಗಳಿಗೋ ವ್ಯಕ್ತಿಗಳಿಗೋ ಗುತ್ತಿಗೆ ಕೊಟ್ಟಿರುತ್ತಾರೆ, ಅಲ್ಲಿನ ಮೀನು ಅವರ ದುಡಿಮೆ. ಕೇಳದೆ ಗಾಳ ಹಾಕುವುದು ಇನ್ನೊಬ್ಬರ ತೋಟದ ಹಣ್ಣು ಕಿತ್ತಂತೆ. ಅಭಯಾರಣ್ಯಕ್ಕೆ ಸೇರಿದ ನೀರಿಗೆ ಹೋಗಲೇಬಾರದು. ಮೊದಲ ಮಳೆ ಬಿದ್ದಾಗ ಮೊಟ್ಟೆ ಇಡಲು ಹಳ್ಳಕ್ಕೆ ಏರಿಬರುವ ಹತ್ತುಮೀನು ಹೊಡೆಯುವುದು ಮಲೆನಾಡಿನ ಹಳೆಯ ಚಟ. ಹೊಟ್ಟೆ ತುಂಬ ಮೊಟ್ಟೆಯಿರುವ ಒಂದು ಮೀನು ಹೋದರೆ ಮುಂದಿನ ವರ್ಷದ ಸಾವಿರಾರು ಮರಿಗಳು ಹೋದವು ಎಂದೇ ಲೆಕ್ಕ.

ಕೊರವನ ಕತೆಯಂತೂ ಕೇಳಿದರೆ ಮನಸ್ಸು ಕರಗುತ್ತದೆ. ಅದರ ಕೆಂಪು ಮರಿಗಳು ಗುಂಪಾಗಿ ನೀರಿನ ಮೇಲೆ ತೇಲುವಾಗ ತಂದೆ ತಾಯಿ ಕೆಳಗೆ ಕಾವಲಿರುತ್ತವೆ. ಮರಿಗಳ ನಡುವೆ ಏನೇ ಬಿದ್ದರೂ ಶತ್ರುವೆಂದು ಎರಗುತ್ತವೆ. ಇದನ್ನರಿತ ಕೆಲವರು ಅಲ್ಲಿಗೇ ಗಾಳ ಎಸೆಯುತ್ತಾರೆ. ಹಸಿವಿನಿಂದಲ್ಲ, ಮಕ್ಕಳ ಮೇಲಿನ ಪ್ರೀತಿಯಿಂದ ಅದು ಗಾಳಕ್ಕೆ ಬಾಯಿ ಹಾಕುತ್ತದೆ. ಕಾವಲು ಹೋದ ಮೇಲೆ ಮರಿಗಳು ಬೇರೆ ಮೀನುಗಳ ಪಾಲು. ಅಂದು ನನ್ನ ಮಗಳು ಇಂತಹ ಒಂದು ಕೆಂಪು ಗುಂಪನ್ನು ಕಂಡಳು. ಚಾಚಾ ಗಾಳ ಮೇಲೆತ್ತಿ ದೋಣಿ ಬೇರೆ ಕಡೆಗೆ ತಿರುಗಿಸಲು ಹೇಳಿದ. ದಯೆ ಎಂದರೇನೆಂದು ಉಪನ್ಯಾಸ ಕೊಡುವುದಕ್ಕಿಂತ ಅದು ಮಿಗಿಲಾಗಿತ್ತು.

ಕೊನೆಗೆ ಅಡುಗೆ ಮನೆಯ ಮಾತು. ಹಿನ್ನೀರಿನ ಗೆಂಡೆಗೆ ಬೇಸಿಗೆಯಲ್ಲಿ ಕೆಸರಿನ ವಾಸನೆ ಹೆಚ್ಚು. ಕಿವಿರು, ಹೊಟ್ಟೆಯ ಒಳಗಿನ ಕಪ್ಪು ಪೊರೆ ಪೂರ್ತಿ ತೆಗೆದು, ಕಲ್ಲುಪ್ಪು ಅರಿಶಿನ ಹಚ್ಚಿ ತಿಕ್ಕಿ, ಹುಣಸೆ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ವಾಸನೆ ಹೋಗುತ್ತದೆ. ಸಣ್ಣ ಮುಳ್ಳು ಜಾಸ್ತಿ, ಚಿಕ್ಕ ಮಕ್ಕಳಿಗೆ ಜಿಲೇಬಿ ಮೀನೇ ಸುರಕ್ಷಿತ. ಹಿಡಿದ ಮೀನನ್ನು ಬಿಸಿಲಲ್ಲಿ ಬಿಟ್ಟರೆ ಮನೆ ತಲುಪುವಷ್ಟರಲ್ಲಿ ಕೆಡುತ್ತದೆ. ಒದ್ದೆ ಗೋಣಿಚೀಲ, ಸಾಧ್ಯವಾದರೆ ಐಸ್ ಇರಲಿ. ಹುರುಪೆ ತೆಗೆಯುವ ಕೆಲಸ ಯಾರದು ಎಂಬ ಪ್ರಶ್ನೆಗೆ ಪ್ರವಾದಿಯವರು ತಮ್ಮ ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದರೆಂಬುದನ್ನು ನೆನಪಿಸಿದರೆ ಸಾಕು. ನಮ್ಮಲ್ಲಿ ಈಗ ಹಿಡಿದವರೇ ಹಿತ್ತಲಲ್ಲಿ ಕೂತು ಸ್ವಚ್ಛ ಮಾಡಿ ಕೊಡುತ್ತಾರೆ. ಹೆಚ್ಚು ಸಿಕ್ಕ ದಿನ ನೆರೆಮನೆಗೊಂದು ಪಾಲು ಹೋಗುತ್ತದೆ.

2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆ ಉದ್ಘಾಟನೆಯಾದ ಮೇಲೆ ಹಿನ್ನೀರನ್ನು ದಾಟಲು ಲಾಂಚಿಗಾಗಿ ತಾಸುಗಟ್ಟಲೆ ಕಾಯಬೇಕಾಗಿಲ್ಲ. ಕಾರಿನ ಕಿಟಕಿಯಿಂದ ನೀರು ಒಂದೆರಡು ನಿಮಿಷ ಕಂಡು ಮರೆಯಾಗುತ್ತದೆ. ಅದು ಅನುಕೂಲವೇ ಸರಿ. ಆದರೆ ಸೇತುವೆಯ ಮೇಲಿನಿಂದ ನೋಡುವುದು ಬೇರೆ, ನೀರಿನ ಮೇಲೆ ಕೂತು ನೋಡುವುದು ಬೇರೆ.

ನಿಮ್ಮ ಊರಿನಲ್ಲಿ ಹಿನ್ನೀರಿಲ್ಲದಿರಬಹುದು. ಒಂದು ಕೆರೆಯೋ ಹೊಳೆಯೋ ಇದ್ದೇ ಇರುತ್ತದೆ. ಗಾಳ ಹಿಡಿದು ಹೊರಡುವ ಗಂಡಸರಲ್ಲಿ ನನ್ನ ಮನವಿ ಇಷ್ಟೇ. ಮೂರು ಭಾನುವಾರ ನಿಮ್ಮದಿರಲಿ, ಯಾರೂ ತಡೆಯುವುದಿಲ್ಲ. ನಾಲ್ಕನೆಯದರಂದು ತಾಯಿಯನ್ನು, ಹೆಂಡತಿಯನ್ನು, ಮಗಳನ್ನು ಕರೆದೊಯ್ಯಿರಿ. ಅಂದು ಮೀನು ಕಡಿಮೆ ಸಿಕ್ಕೀತು. ಸಹೋದರಿಯರೇ, ಕರೆಯದಿದ್ದರೆ ನೀವೇ ಕೇಳಿ. ಕೇಳುವ ಮೊದಲು ಜಾಕೆಟ್ಟುಗಳನ್ನು ಎಣಿಸಲು ಮರೆಯಬೇಡಿ.